ದುಂಬಿಗಳ ನೆಂಟಸ್ತನ

ಅಡಿಕೆ ಮರದ ಬೇರು ತಿನ್ನುವ ಹುಳುವಿಗೂ, ತೆಂಗಿನ ಸುಳಿ ಕೊರೆಯುವ ಕುರುವಾಯಿಗೂ, ಕೊಟ್ಟಿಗೆಯ ಹಿಂದೆ ಸಗಣಿಯ ಉಂಡೆ ಉರುಳಿಸಿಕೊಂಡು ಹೋಗುವ ದುಂಬಿಗೂ ಏನಾದರೂ ನೆಂಟಸ್ತನವುಂಟೇ? ಮೇಲ್ನೋಟಕ್ಕೆ ಇದು ಹುಡುಗಾಟದ ಪ್ರಶ್ನೆಯಂತೆ ಕಾಣುತ್ತದೆ. ಕಾಡು, ನೀರು, ಭೂಮಿಗಳ ಜ್ವಲಂತ ಸಮಸ್ಯೆಗಳಿಗೆ ಮೀಸಲಾದ ಈ ಪುಟದಲ್ಲಿ ಹುಳುಗಳ ವಂಶಾವಳಿಯನ್ನು ಬಿಚ್ಚಿ ಕೂರುವುದು ಉಚಿತವೇ ಎಂದು ಕೆಲವರಿಗೆ ಅನ್ನಿಸಲೂಬಹುದು. ಆದರೆ ಒಂದು ಹುಳು ಯಾವ ಪ್ರಭೇದದ್ದು, ಅದರ ಹತ್ತಿರದ ಬಂಧುಗಳು ಯಾರು ಎಂಬುದನ್ನು ಸರಿಯಾಗಿ ತಿಳಿಯದೆ ದೇಶದೇಶಗಳು ವರ್ಷಗಟ್ಟಲೆ ಶ್ರಮವನ್ನು ನೀರಿನಲ್ಲಿ ಹೋಮ ಮಾಡಿದ ಉದಾಹರಣೆಗಳಿವೆ. ಸರಿಯಾಗಿ ತಿಳಿದೊಡನೆ ಕೆಲವೇ ತಿಂಗಳಲ್ಲಿ ಕೆರೆಗಳು ತೆರೆದುಕೊಂಡ ಉದಾಹರಣೆಗಳೂ ಇವೆ. ಅವುಗಳಲ್ಲೊಂದು ನಮ್ಮ ಬೆಂಗಳೂರಿನಲ್ಲೇ ನಡೆದದ್ದು. ಆದ್ದರಿಂದ ಈ ಸಂಚಿಕೆಯ ಸಂಪಾದಕೀಯವನ್ನು ದುಂಬಿಗಳಿಗೇ ಬಿಟ್ಟುಕೊಟ್ಟಿದ್ದೇವೆ.

ಮೊದಲ ಪ್ರಶ್ನೆಗೆ ಉತ್ತರ: ಹೌದು, ನೆಂಟಸ್ತನವುಂಟು. ಮೂರೂ ಸ್ಕ್ಯಾರಬೇಯಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಮೂರರ ಮರಿಹುಳುಗಳೂ ಮಣ್ಣಿನಲ್ಲೋ ಗೊಬ್ಬರದಲ್ಲೋ ಸಗಣಿಯ ಉಂಡೆಯೊಳಗೋ ಬಿಲ್ಲಿನಂತೆ ಬಾಗಿ ಮಲಗಿರುವ ಬಿಳಿಯ ಗೊಣ್ಣೆಹುಳುಗಳೇ. ಬೆಳೆದ ದುಂಬಿಯ ಕುಡಿಮೀಸೆಯ ತುದಿಯನ್ನು ಮಸೂರದಡಿ ನೋಡಿದರೆ ಪುಸ್ತಕದ ಹಾಳೆಗಳಂತೆ ಮಡಚಿ ಬಿಡಿಸಬಲ್ಲ ಪದರಗಳು ಕಾಣುತ್ತವೆ. ಇಂಥ ದೇಹಲಕ್ಷಣಗಳನ್ನು ಆಧರಿಸಿಯೇ ಹದಿನೆಂಟನೆಯ ಶತಮಾನದಿಂದ ಈಚೆಗೆ ದುಂಬಿಗಳ ವರ್ಗೀಕರಣ ನಡೆದುಬಂದಿದೆ. ಲಿನೇಯಸನ ಶಿಷ್ಯ ಫ್ಯಾಬ್ರೀಷಿಯಸ್ ಬಾಯಿಯ ಅಂಗಗಳ ರಚನೆಯನ್ನು ಹಿಡಿದು ಕೀಟಗಳನ್ನು ವಿಂಗಡಿಸಿದ. ತಮಿಳುನಾಡಿನ ತರಂಗಂಬಾಡಿಯಲ್ಲಿದ್ದ ಡೇನಿಷ್ ವಸಾಹತಿನಿಂದ ಹಡಗೇರಿ ಹೋದ ನಮ್ಮ ಎಷ್ಟೋ ಹುಳುಗಳಿಗೆ ಅವನೇ ನಾಮಕರಣ ಮಾಡಿದವನು. ಇಂದು ಜಗತ್ತಿನಲ್ಲಿ ಹೆಸರು ಪಡೆದಿರುವ ದುಂಬಿ ಪ್ರಭೇದಗಳ ಸಂಖ್ಯೆ ಸುಮಾರು 4 ಲಕ್ಷ. ಹೆಸರಿಲ್ಲದವು ಇನ್ನೆಷ್ಟೋ.

ಆದರೆ ಕಣ್ಣಿಗೆ ಕಾಣುವ ಹೋಲಿಕೆಯೆಲ್ಲ ರಕ್ತಸಂಬಂಧವಲ್ಲ. ಸಗಣಿ ದುಂಬಿಗಳನ್ನೇ ನೋಡಿ. ಕೆಲವು ಸಗಣಿಯನ್ನು ಉಂಡೆ ಕಟ್ಟಿ ಉರುಳಿಸಿಕೊಂಡು ದೂರ ಒಯ್ಯುತ್ತವೆ. ಕೆಲವು ಸಗಣಿಯ ಕೆಳಗೇ ಬಿಲ ತೋಡಿ ಅಲ್ಲಿಯೇ ಹೂಳುತ್ತವೆ. ಉರುಳಿಸುವವುಗಳೆಲ್ಲ ಒಂದು ಮನೆತನ, ತೋಡುವವುಗಳೆಲ್ಲ ಇನ್ನೊಂದು ಮನೆತನ ಎಂದು ಬಹುಕಾಲ ಭಾವಿಸಲಾಗಿತ್ತು. ಉರುಳಿಸಲು ನೀಳವಾದ ಹಿಂಗಾಲು ಬೇಕು, ತೋಡಲು ಗಿಡ್ಡ ದಪ್ಪ ಕಾಲು ಬೇಕು. ದೇಹರಚನೆಯೂ ಈ ವಿಂಗಡಣೆಗೆ ಸಾಕ್ಷಿ ಹೇಳುವಂತಿತ್ತು. ಆದರೆ 2007ರಲ್ಲಿ ಪ್ರಕಟವಾದ, ಇನ್ನೂರಕ್ಕೂ ಹೆಚ್ಚು ಪ್ರಭೇದಗಳ ವಂಶವಾಹಿಗಳನ್ನು ಹೋಲಿಸಿದ ಅಧ್ಯಯನವೊಂದು, ಮೂಲದಲ್ಲಿ ಎಲ್ಲವೂ ತೋಡುವವೇ ಆಗಿದ್ದವೆಂದೂ, ಉರುಳಿಸುವ ವಿದ್ಯೆ ಬೇರೆಬೇರೆ ಕವಲುಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಪ್ರತ್ಯೇಕವಾಗಿ ಹುಟ್ಟಿಕೊಂಡಿತೆಂದೂ ತೋರಿಸಿತು. ಒಂದೇ ಕಸುಬು ಹಿಡಿದವರಿಗೆ ಒಂದೇ ಬಗೆಯ ಕೈಕಾಲು ಬೆಳೆದಿದೆಯಷ್ಟೆ. ಕಂಬಳದ ಓಟಗಾರರ ಕಾಲುಗಳೆಲ್ಲ ಒಂದೇ ರೀತಿ ಹುರಿಗಟ್ಟಿದ್ದರೆ ಅವರೆಲ್ಲ ಒಂದೇ ಮನೆಯವರೆಂದು ಹೇಳಲಾಗುವುದೇ?

ವಂಶವಾಹಿಯ ಸಾಕ್ಷ್ಯವೆಂದರೇನು ಎಂಬುದನ್ನು ನಮ್ಮ ವಿದ್ಯಾರ್ಥಿ ಓದುಗರಿಗಾಗಿ ಸ್ವಲ್ಪ ವಿವರಿಸುವುದು ಅಗತ್ಯ. ಹಳಗನ್ನಡ ಕಾವ್ಯಗಳ ಓಲೆಗರಿ ಪ್ರತಿಗಳನ್ನು ಸಂಪಾದಿಸುವ ವಿದ್ವಾಂಸರು ಮಾಡುವ ಕೆಲಸವನ್ನು ನೆನಪಿಸಿಕೊಳ್ಳಿ. ಲಿಪಿಕಾರನೊಬ್ಬ ಪ್ರತಿ ಮಾಡುವಾಗ ಒಂದಕ್ಷರ ತಪ್ಪುತ್ತಾನೆ. ಅವನ ಪ್ರತಿಯನ್ನು ನೋಡಿ ಬರೆದವರೆಲ್ಲ ಆ ತಪ್ಪನ್ನೂ ಬರೆದುಕೊಳ್ಳುತ್ತಾರೆ. ಜೊತೆಗೆ ತಮ್ಮದೊಂದನ್ನು ಸೇರಿಸುತ್ತಾರೆ. ನೂರಾರು ವರ್ಷಗಳ ನಂತರ ಹತ್ತು ಪ್ರತಿಗಳನ್ನು ಮುಂದಿಟ್ಟುಕೊಂಡ ಸಂಪಾದಕ, ಯಾವ ಯಾವ ಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯವಿದೆಯೆಂದು ಗುರುತಿಸಿ, ಯಾವುದು ಯಾವುದರಿಂದ ಹುಟ್ಟಿತೆಂದು ವಂಶವೃಕ್ಷ ಬರೆಯುತ್ತಾನೆ. ಡಿಎನ್‌ಎ ಕೂಡ ತಲೆಮಾರಿನಿಂದ ತಲೆಮಾರಿಗೆ ಪ್ರತಿಯಾಗುತ್ತ ಬರುವ ನಾಲ್ಕಕ್ಷರದ ಗ್ರಂಥ. ಅದರಲ್ಲಿ ಆಗೀಗ ಒಂದಕ್ಷರ ಬದಲಾಗುತ್ತದೆ, ಬದಲಾದದ್ದು ಸಂತತಿಗೆ ಸಾಗುತ್ತದೆ. ಎರಡು ದುಂಬಿಗಳ ನಡುವೆ ಹಂಚಿಕೊಂಡ ಬದಲಾವಣೆಗಳು ಹೆಚ್ಚಿದ್ದಷ್ಟೂ ಅವುಗಳ ಸಂಬಂಧ ನಿಕಟ. ಪ್ರಾಣಿಗಳನ್ನು ಗುರುತಿಸಲು ಸಾಮಾನ್ಯವಾಗಿ ಬಳಸುವುದು ಮೈಟೊಕಾಂಡ್ರಿಯದಲ್ಲಿರುವ ಸಿಒಐ ಎಂಬ ವಂಶವಾಹಿಯ ಸುಮಾರು 658 ಅಕ್ಷರಗಳ ಒಂದು ತುಣುಕನ್ನು. ದುಂಬಿಯ ಒಂದು ಕಾಲು ಸಿಕ್ಕರೂ ಇಷ್ಟನ್ನು ಓದಬಹುದು. ಮರಿಹುಳುವಾಗಿರಲಿ, ಮೊಟ್ಟೆಯಾಗಿರಲಿ, ಓದು ಒಂದೇ. ದೇಹಲಕ್ಷಣವನ್ನೇ ನಂಬಿದವರಿಗೆ ಇಲ್ಲದ ಅನುಕೂಲವಿದು. ಏಕೆಂದರೆ ಹಳೆಯ ಗ್ರಂಥಗಳಲ್ಲಿ ವರ್ಣನೆಯಿರುವುದು ಹೆಚ್ಚಾಗಿ ಬೆಳೆದ ದುಂಬಿಯದು, ರೈತನ ಕೈಗೆ ಸಿಕ್ಕುವುದು ಹೆಚ್ಚಾಗಿ ಮರಿಹುಳು.

ಹಾಗೆಂದು ಅಕ್ಷರಗಳನ್ನೇ ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಮೈಟೊಕಾಂಡ್ರಿಯದ ಗ್ರಂಥ ತಾಯಿಯಿಂದ ಮಾತ್ರ ಬರುತ್ತದೆ. ತಂದೆಯ ಕಡೆಯ ಕಥೆಯನ್ನು ಅದು ಹೇಳುವುದಿಲ್ಲ. ಎರಡು ಪ್ರಭೇದಗಳು ಎಂದೋ ಒಮ್ಮೆ ಬೆರೆತಿದ್ದರೆ ದಾರಿ ತಪ್ಪಿಸುತ್ತದೆ. ಎಷ್ಟು ಅಕ್ಷರ ಬೇರೆಯಾದರೆ ಬೇರೆ ಪ್ರಭೇದ ಎಂಬುದಕ್ಕೆ ಎಲ್ಲ ಕಡೆಗೂ ಹೊಂದುವ ಅಳತೆಗೋಲಿಲ್ಲ. ದೇಹ ಹಾಗೂ ವಂಶವಾಹಿ ಎರಡನ್ನೂ ಕೂರಿಸಿ ಕೇಳಿದಾಗ ಮಾತ್ರ ಪಂಚಾಯಿತಿ ನೆಟ್ಟಗೆ ನಡೆಯುತ್ತದೆ. ಇದಕ್ಕೆ ನಾವು ಕೊಡಬಯಸುವ ಉದಾಹರಣೆ ಎರಡು ಮಿಲಿಮೀಟರಿಗಿಂತ ಹೆಚ್ಚು ಉದ್ದವಿಲ್ಲದ ಒಂದು ಮೂತಿಹುಳುವಿನದು.

ಸಾಲ್ವೀನಿಯಾ ಎಂಬ ತೇಲುವ ಜರಿಗಿಡವನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಎಲೆಯ ಮೇಲೆಲ್ಲ ನೀರು ಹತ್ತದ ನವಿರಾದ ರೋಮ, ಕೆಳಗೆ ಬೇರಿನಂತೆ ಜೋತಾಡುವ ಎಳೆಗಳು. ಬೀಜವಿಲ್ಲ, ಫಲವಂತಿಕೆಯಿಲ್ಲ, ತುಂಡಾದಷ್ಟೂ ಹೆಚ್ಚುತ್ತದೆ. ನೀರಿನ ಮೇಲೆ ಚಾಪೆ ಹಾಸಿದಂತೆ ದಪ್ಪನಾಗಿ ಹಬ್ಬಿ ಬೆಳಕು, ಗಾಳಿ ಎರಡನ್ನೂ ತಡೆದು ಕೆಳಗಿನ ಜೀವಿಗಳನ್ನು ಉಸಿರುಗಟ್ಟಿಸುತ್ತದೆ. ದಕ್ಷಿಣ ಅಮೆರಿಕದ ಈ ಗಿಡ 1939ರಲ್ಲಿ ಕೊಲಂಬೊದ ಸಸ್ಯಶಾಸ್ತ್ರ ವಿಭಾಗದ ಮೂಲಕ ಶ್ರೀಲಂಕೆಯನ್ನು ಸೇರಿತು. ಕೇರಳದಲ್ಲಿ 1950ರ ದಶಕದಲ್ಲಿ ಕಾಣಿಸಿಕೊಂಡು, ಮುಂದೆ ಕುಟ್ಟನಾಡಿನ ಗದ್ದೆ ಕಾಲುವೆಗಳನ್ನೆಲ್ಲ ಆವರಿಸಿತು. ಅಲ್ಲಿ ಇದರ ಹೆಸರು ‘ಆಫ್ರಿಕನ್ ಪಾಯಲ್’. ಗಿಡ ಆಫ್ರಿಕದ್ದಲ್ಲವೆಂಬುದು ಬೇರೆ ಮಾತು. ಆಫ್ರಿಕದಲ್ಲಿಯೂ ಅದು ಪರದೇಶಿಯೇ: ಜಾಂಬೆಸಿ ನದಿಗೆ ಕಟ್ಟಿದ ಕರೀಬಾ ಅಣೆಕಟ್ಟು ತುಂಬತೊಡಗಿದ ಮೂರ್ನಾಲ್ಕು ವರ್ಷಗಳಲ್ಲಿ, 1962ರ ಹೊತ್ತಿಗೆ, ಸುಮಾರು ಸಾವಿರ ಚದರ ಕಿಲೋಮೀಟರ್ ನೀರನ್ನು ಮುಚ್ಚಿತ್ತು.

ಕಳೆಯನ್ನು ಹತ್ತಿಕ್ಕಲು ಅದರ ತವರಿನಲ್ಲಿ ಅದನ್ನು ತಿನ್ನುವ ಕೀಟವನ್ನು ಹುಡುಕಬೇಕೆಂದು ವಿಜ್ಞಾನಿಗಳು ಹೊರಟರು. ತವರು ಯಾವುದು? ಗಿಡವನ್ನು ಆಗ ಸಾಲ್ವೀನಿಯಾ ಆರಿಕ್ಯುಲೇಟ ಎಂದು ಭಾವಿಸಲಾಗಿತ್ತು. ಅದು ಟ್ರಿನಿಡಾಡ್ ಮುಂತಾದೆಡೆ ಬೆಳೆಯುತ್ತದೆ. ಅಲ್ಲಿ ಸಿಕ್ಕಿದ ಕೀಟಗಳಲ್ಲಿ ಸಿರ್ಟೊಬೇಗಸ್ ಸಿಂಗುಲಾರಿಸ್ ಎಂಬ ಕಪ್ಪು ಮೂತಿಹುಳುವೂ ಒಂದು. 1970ರ ದಶಕದಲ್ಲಿ ಅದನ್ನು ಆಫ್ರಿಕದಲ್ಲಿಯೂ ಫಿಜಿಯಲ್ಲಿಯೂ ಬಿಡಲಾಯಿತು. ಹುಳು ಬದುಕಿಕೊಂಡಿತು, ಕಳೆಯೂ ಬದುಕಿಕೊಂಡಿತು. ಜೈವಿಕ ನಿಯಂತ್ರಣವೆಂಬುದೇ ಪೊಳ್ಳು, ಕಳೆನಾಶಕವೇ ಗತಿ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ವಾದ ಬೇಕಿರಲಿಲ್ಲ.

ನಡುವೆ ಸದ್ದಿಲ್ಲದೆ ಒಂದು ಕೆಲಸ ನಡೆದಿತ್ತು. ಡಿ. ಎಸ್. ಮಿಚೆಲ್ ಎಂಬ ಸಸ್ಯವಿಜ್ಞಾನಿ 1972ರಲ್ಲಿ, ಜಗತ್ತನ್ನು ಕಾಡುತ್ತಿರುವ ಗಿಡ ಆರಿಕ್ಯುಲೇಟ ಅಲ್ಲವೇ ಅಲ್ಲ, ಅದರ ಹತ್ತಿರದ ಬಂಧುವಾದ ಬೇರೆಯೇ ಪ್ರಭೇದ ಎಂದು ತೋರಿಸಿ ಸಾಲ್ವೀನಿಯಾ ಮೊಲೆಸ್ಟ ಎಂಬ ಹೆಸರಿಟ್ಟರು. ಗಿಡ ಬೇರೆಯಾದರೆ ತವರೂ ಬೇರೆಯಿರಬೇಕು. 1978ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ವೆಂಡಿ ಫೋರ್ನೊ ಮತ್ತು ಕೆನ್ ಹಾರ್ಲೆ ಆಗ್ನೇಯ ಬ್ರೆಜಿಲಿನಲ್ಲಿ ಅದರ ಸಹಜ ನೆಲೆಯನ್ನು ಪತ್ತೆಹಚ್ಚಿದರು. ಅಲ್ಲಿಯೂ ಒಂದು ಕಪ್ಪು ಮೂತಿಹುಳುವಿತ್ತು. ನೋಡಿದರೆ ಟ್ರಿನಿಡಾಡಿನದೇ ಹುಳು. ಸೋತ ಹುಳುವನ್ನೇ ಮತ್ತೆ ತಂದು ಫಲವೇನು ಎಂದು ಕೈಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಕೈಬಿಡಲಿಲ್ಲ. ಆ ಹುಳು ಬೇರೆ ಬೆಳೆಯನ್ನು ಮುಟ್ಟುವುದಿಲ್ಲವೆಂದು ಪರೀಕ್ಷಿಸಿದ ಮೇಲೆ, 1980ರ ಜೂನ್ ತಿಂಗಳಲ್ಲಿ ಕ್ವೀನ್ಸ್‌ಲ್ಯಾಂಡಿನ ಮೌಂಟ್ ಐಸಾ ಬಳಿಯ ಮೂಂಡಾರಾ ಜಲಾಶಯದಲ್ಲಿ ಬಿಟ್ಟರು. ಮರುವರ್ಷದ ಆಗಸ್ಟ್ ಹೊತ್ತಿಗೆ ಸುಮಾರು 18,000 ಟನ್ ಕಳೆ ಕೊಳೆತು ಮುಳುಗಿತ್ತು. ನೇಚರ್ ಪತ್ರಿಕೆ 1981ರಲ್ಲಿ ಈ ಯಶಸ್ಸನ್ನು ಪ್ರಕಟಿಸಿತು. ಆ ಲೇಖನದಲ್ಲಿಯೂ ಹುಳುವಿನ ಹೆಸರು ಸಿಂಗುಲಾರಿಸ್ ಎಂದೇ ಇದೆ!

ಒಂದೇ ಹುಳು ಆಫ್ರಿಕದಲ್ಲಿ ಸೋತು ಆಸ್ಟ್ರೇಲಿಯಾದಲ್ಲಿ ಗೆದ್ದದ್ದೇಕೆ? ಹವಾಗುಣವೇ, ನೀರಿನ ಗುಣವೇ? ಉತ್ತರ ಬಂದದ್ದು ಸೂಕ್ಷ್ಮದರ್ಶಕದಿಂದ. ಕಾಲ್ಡರ್ ಮತ್ತು ಸ್ಯಾಂಡ್ಸ್ ಎಂಬಿಬ್ಬರು ಎರಡೂ ಕಡೆಯ ಹುಳುಗಳ ದೇಹವನ್ನು ತಾಳ್ಮೆಯಿಂದ ಹೋಲಿಸಿ, ಬ್ರೆಜಿಲಿನದು ಬೇರೆಯೇ ಪ್ರಭೇದವೆಂದು 1985ರಲ್ಲಿ ಸ್ಥಾಪಿಸಿದರು. ಸಿರ್ಟೊಬೇಗಸ್ ಸಾಲ್ವೀನಿಯೇ ಎಂಬುದು ಅದರ ಹೆಸರು. ಇದರ ದುಂಬಿಗಳು ಗಿಡದ ಎಳೆಯ ಮೊಗ್ಗನ್ನು ತಿನ್ನುತ್ತವೆ, ಮರಿಗಳು ಕಾಂಡದೊಳಗೇ ಸುರಂಗ ಕೊರೆಯುತ್ತವೆ. ಮೊಗ್ಗೂ ಹೋಗಿ ಕಾಂಡವೂ ಟೊಳ್ಳಾದ ಗಿಡ ಮತ್ತೆ ಚಿಗುರಲಾರದೆ ಕೊಳೆತು ಮುಳುಗುತ್ತದೆ. ಸಿಂಗುಲಾರಿಸ್ ಅದೇ ಗಿಡವನ್ನು ತಿಂದರೂ ಹೀಗೆ ಮರ್ಮಕ್ಕೆ ಹೊಡೆಯುವುದಿಲ್ಲ. ಅಕ್ಕತಂಗಿಯರಂತಿರುವ ಎರಡು ಹುಳುಗಳು. ಊಟದ ಕ್ರಮದಲ್ಲಿ ಒಂದಿಷ್ಟು ವ್ಯತ್ಯಾಸ. ಕಳೆಯನ್ನು ಗೆಲ್ಲುವುದು, ಬಿಡುವುದು ಆ ವ್ಯತ್ಯಾಸದಲ್ಲಿ ನಿಂತಿತ್ತು.

ಆಸ್ಟ್ರೇಲಿಯಾದಿಂದ ಈ ಹುಳು ಬೆಂಗಳೂರಿಗೆ ಬಂತು. 1983-84ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ಬೆಂಗಳೂರಿನ ನೈದಿಲೆ ಕೊಳವೊಂದರಲ್ಲಿ ಬಿಟ್ಟಾಗ 11 ತಿಂಗಳಲ್ಲಿ ಸಾಲ್ವೀನಿಯಾ ಅಳಿದು, ಅದರಡಿ ಹುದುಗಿಹೋಗಿದ್ದ ನೈದಿಲೆ ಮತ್ತೆ ತಲೆಯೆತ್ತಿತು. ಕೇರಳದಲ್ಲಿ ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಬಿಟ್ಟ ಹುಳುಗಳು ಕೆಲವೇ ವರ್ಷಗಳಲ್ಲಿ ದೋಣಿ ಸಾಗದಂತಿದ್ದ ಕಾಲುವೆಗಳನ್ನು ತೆರೆದವು. ಕುಟ್ಟನಾಡಿನ ಗದ್ದೆಗಳಲ್ಲಿ ಈ ಕಳೆಯನ್ನು ಕೈಯಿಂದ ತೆಗೆಸಲು ಅಂದಿನ ಲೆಕ್ಕದಲ್ಲಿ ಹೆಕ್ಟೇರಿಗೆ 235 ರೂಪಾಯಿ ಖರ್ಚಾಗುತ್ತಿತ್ತು, ಅದು ಉಳಿಯಿತು. ಪಪುವಾ ನ್ಯೂಗಿನಿಯ ಸೆಪಿಕ್ ನದಿಯ ಕಥೆ ಇನ್ನೂ ದೊಡ್ಡದು. ಅಲ್ಲಿ ಸುಮಾರು 250 ಚದರ ಕಿಲೋಮೀಟರ್ ಹರಡಿದ್ದ ಕಳೆಯಿಂದ ದೋಣಿಯ ದಾರಿ ಕಟ್ಟಿ, ಮೀನಿಲ್ಲದೆ, ಪೇಟೆ ಆಸ್ಪತ್ರೆಗಳಿಗೆ ಹೋಗಲಾರದೆ ಜನ ಹಳ್ಳಿಗಳನ್ನೇ ತೊರೆಯುವಂತಾಗಿತ್ತು. 1980ರ ದಶಕದ ನಡುವಿನ ಹೊತ್ತಿಗೆ ನದಿ ತೆರವಾಯಿತು. ಈ ಕೆಲಸಕ್ಕಾಗಿ ಸಿಎಸ್‌ಐಆರ್‌ಒ ತಂಡಕ್ಕೆ 1985ರ ಯುನೆಸ್ಕೊ ವಿಜ್ಞಾನ ಪ್ರಶಸ್ತಿ ಸಂದಿತು.

ಪರದೇಶದ ಕೀಟವನ್ನು ತಂದು ಬಿಡುವುದೆಂದರೆ ನಮ್ಮ ಓದುಗರಲ್ಲಿ ಹಲವರ ಹುಬ್ಬು ಗಂಟಿಕ್ಕುತ್ತದೆಂಬುದನ್ನು ಬಲ್ಲೆವು. ಆ ಅನುಮಾನ ಆರೋಗ್ಯಕರವಾದದ್ದೇ. ಕಬ್ಬಿನ ಗೊಣ್ಣೆಹುಳುವನ್ನು ತಿನ್ನಲಿ ಎಂದು ಇದೇ ಆಸ್ಟ್ರೇಲಿಯಾ 1935ರಲ್ಲಿ ತಂದ ನೆಲಗಪ್ಪೆ ಗೊಣ್ಣೆಹುಳುವನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದು ಇಂದಿಗೂ ಆ ದೇಶಕ್ಕೆ ತಲೆನೋವಾಗಿದೆ. ಕಪ್ಪೆ ಸಿಕ್ಕಿದ್ದನ್ನೆಲ್ಲ ನುಂಗುವ ಪ್ರಾಣಿ. ಮೂತಿಹುಳುವಿಗೆ ಒಂದೇ ಕುಲದ ಗಿಡ ಬೇಕು. ಯಾವ ಪ್ರಾಣಿಯ ನಾಲಿಗೆ ಎಷ್ಟು ಉದ್ದ ಎಂಬುದನ್ನು ಅದರ ಬಂಧುಬಳಗವನ್ನು ಅರಿತು ಪರೀಕ್ಷಿಸಿದವರಷ್ಟೇ ಹೇಳಬಲ್ಲರು.

ಮೂತಿಹುಳುವಿನ ಕಥೆಗೆ ಇನ್ನೊಂದು ಅಧ್ಯಾಯವಿದೆ. ಅಮೆರಿಕದ ಫ್ಲಾರಿಡಾದಲ್ಲಿ ಇದೇ ಕುಲದ ಹುಳು 1960ರಿಂದಲೇ ಕಾಣಸಿಗುತ್ತಿತ್ತು. ಅಲ್ಲಿ ಅದು ತಿನ್ನುತ್ತಿದ್ದುದು ಸಾಲ್ವೀನಿಯಾದ ಬೇರೊಂದು ಸಣ್ಣ ಪ್ರಭೇದವನ್ನು. ಮೊದಲು ಅದನ್ನು ಸಿಂಗುಲಾರಿಸ್ ಎಂದರು, 1985ರ ನಂತರ ಸಾಲ್ವೀನಿಯೇ ಎಂದರು. 2000ದಲ್ಲಿ ವಂಶವಾಹಿಯ ಒಂದು ತುಣುಕನ್ನು ಓದಿದ ಗುಂಪೊಂದು, ಬ್ರೆಜಿಲ್ ಮೂಲದ ಹುಳುವಿಗೂ ಇದಕ್ಕೂ ಅಕ್ಷರಭೇದವಿದೆ, ಆದ್ದರಿಂದ ಇದು ಮೂರನೆಯ ಪ್ರಭೇದವಿರಬೇಕು ಎಂದಿತು. ಅದೇ ತೀರ್ಮಾನವೆಂದು ಕುಳಿತಿದ್ದರೆ? 2006ರಲ್ಲಿ ಅರ್ಜೆಂಟೀನಾ, ಪರಾಗ್ವೆ, ಬ್ರೆಜಿಲ್, ಆಸ್ಟ್ರೇಲಿಯಾ, ಫ್ಲಾರಿಡಾ ಈ ಐದೂ ಕಡೆಯ ಹುಳುಗಳನ್ನು ತರಿಸಿ, ವಂಶವಾಹಿ ಹಾಗೂ ದೇಹರಚನೆ ಎರಡನ್ನೂ ಹೋಲಿಸಿದ ಅಧ್ಯಯನ ಹೊರಬಂತು. ಫ್ಲಾರಿಡಾದ ಹುಳು ಬೇರೆ ಪ್ರಭೇದವಲ್ಲ, ಸಾಲ್ವೀನಿಯೇ ಪ್ರಭೇದದೊಳಗಿನದೇ ಒಂದು ಭಿನ್ನ ಬಳಗ ಎಂಬುದು ಅದರ ನಿರ್ಣಯ. ಎರಡೇ ಊರಿನ ಹುಳುಗಳನ್ನು ಹೋಲಿಸಿದಾಗ ಕಂದಕದಂತೆ ಕಂಡದ್ದು, ನಡುವಿನ ಊರುಗಳನ್ನೂ ಸೇರಿಸಿ ನೋಡಿದಾಗ ಬೇರೆಯಾಗಿ ಕಂಡಿತು. ಮಾದರಿಗಳ ಸಂಗ್ರಹ ಎಷ್ಟು ವಿಸ್ತಾರವಾಗಿರಬೇಕೆಂಬುದಕ್ಕೆ ಇದು ಪಾಠ. ಮಂಗಳೂರಿನ ಒಬ್ಬನನ್ನೂ ಬೀದರಿನ ಒಬ್ಬನನ್ನೂ ಮಾತಾಡಿಸಿ ಇವು ಎರಡು ಭಾಷೆಗಳೆಂದು ತೀರ್ಪು ಕೊಟ್ಟಂತಾಗಬಾರದು.

ಇದಕ್ಕೆ ತದ್ವಿರುದ್ಧವಾದ ಪ್ರಸಂಗ ನಮ್ಮ ನೆರೆಯದೇ. ಚಹಾ ಗಿಡದ ರೆಂಬೆಗಳಲ್ಲಿ ಗುಂಡುಸೂಜಿ ಗಾತ್ರದ ತೂತು ಕೊರೆದು, ಒಳಗೆ ಶಿಲೀಂಧ್ರ ಬೆಳೆಸಿ ತಿನ್ನುವ ದುಂಬಿಯೊಂದು ಶ್ರೀಲಂಕೆ ಮತ್ತು ದಕ್ಷಿಣ ಭಾರತದ ಚಹಾ ತೋಟಗಳಲ್ಲಿ ನೂರು ವರ್ಷಗಳಿಂದ ಕುಖ್ಯಾತ. ಇದನ್ನು 1868ರಲ್ಲಿ ಐಖ್‌ಹಾಫ್ ಎಂಬಾತ ಸಿಲೋನಿನ ಮಾದರಿಯಿಂದ ವರ್ಣಿಸಿದ ದುಂಬಿಯೆಂದೇ, ಅಂದರೆ ಇಂದಿನ ಹೆಸರಿನಲ್ಲಿ ಯೂವಾಲೇಸಿಯಾ ಫಾರ್ನಿಕೇಟಸ್ ಎಂದೇ, ಎಲ್ಲರೂ ತಿಳಿದಿದ್ದರು. ಈ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ಮತ್ತು ಇಸ್ರೇಲಿನಲ್ಲಿ ಇದೇ ರೂಪದ ದುಂಬಿ ಬೆಣ್ಣೆಹಣ್ಣಿನ ಮರಗಳನ್ನೂ ಬೀದಿ ಮರಗಳನ್ನೂ ಕೊಲ್ಲತೊಡಗಿತು. ಡಿಎನ್‌ಎ ಓದಿದಾಗ ತಿಳಿದದ್ದು: ಒಂದೇ ಹೆಸರಿನಡಿ ನಾಲ್ಕು ಪ್ರಭೇದಗಳು ಅಡಗಿವೆ. ದೇಹವನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಗಡಿಗಳು ಒಂದರ ಮೇಲೊಂದು ಬೀಳುವಷ್ಟು ಇವು ಸಮರೂಪಿಗಳು. ಹಾಗಾದರೆ ಹಳೆಯ ಹೆಸರು ಯಾವುದಕ್ಕೆ ಸಲ್ಲಬೇಕು? ಇದನ್ನು ಬಗೆಹರಿಸಿದ್ದು 2019ರಲ್ಲಿ, ಐಖ್‌ಹಾಫನ ಕಾಲದಿಂದ ಸಂಗ್ರಹಾಲಯದಲ್ಲಿ ಉಳಿದುಬಂದಿದ್ದ ಸಿಲೋನಿನ ಅದೇ ಮೂಲ ಮಾದರಿಯ ಅಳತೆ. ಹೆಸರು ಹೋದದ್ದು ಬೆಣ್ಣೆಹಣ್ಣಿನ ಮರ ಕೊಲ್ಲುತ್ತಿದ್ದ ದುಂಬಿಗೆ. ಚಹಾದ ಶತ್ರುಗಳು ಬೇರೆ ಎರಡು ಪ್ರಭೇದಗಳೆಂದು ಗೊತ್ತಾಯಿತು. ನೂರೈವತ್ತು ವರ್ಷ ಗುಂಡುಸೂಜಿಗೆ ಚುಚ್ಚಿಕೊಂಡು ಕಾದಿದ್ದ ಒಂದು ಸಾಸಿವೆ ಕಾಳಿನಷ್ಟು ಹುಳು! ಕೊಡಗು, ಚಿಕ್ಕಮಗಳೂರುಗಳಲ್ಲಿ ಕಾಫಿಯ ನಡುವೆ ಬೆಣ್ಣೆಹಣ್ಣು ಹಾಕುತ್ತಿರುವ ಬೆಳೆಗಾರರು ಈ ಹೆಸರುಗಳನ್ನು ಗಮನದಲ್ಲಿಟ್ಟುಕೊಳ್ಳುವುದು ಲೇಸು. ರೊಬಸ್ಟಾ ಕಾಫಿಯ ರೆಂಬೆ ಕೊರೆಯುವ ಪರಿಚಿತ ದುಂಬಿ ಇವುಗಳ ಬಂಧುವೇ ಹೊರತು ಇವುಗಳಲ್ಲೊಂದಲ್ಲ.

ಇನ್ನು ನಮ್ಮ ಅಡಿಕೆ ತೋಟಕ್ಕೆ ಬರೋಣ. ಬೇರುಹುಳು ಎಂದು ನಾವು ಒಂದೇ ಮಾತಿನಲ್ಲಿ ಕರೆಯುವುದು ಲ್ಯೂಕೊಫೋಲಿಸ್ ಕುಲದ ಕನಿಷ್ಠ ಮೂರು ಪ್ರಭೇದಗಳನ್ನು: ಕೋನಿಯೋಫೋರ, ಬರ್ಮೈಸ್ಟರಿ, ಲೆಪಿಡೋಫೋರ. ಮರಿಗಳನ್ನು ಅಂಗೈಯಲ್ಲಿಟ್ಟು ನೋಡಿದರೆ ಮೂರೂ ಒಂದೇ. ಹೊಟ್ಟೆಯ ಕೊನೆಯ ಖಂಡದ ಕೆಳಭಾಗದಲ್ಲಿರುವ ಮುಳ್ಳುಗಳ ಸಾಲನ್ನು ಮಸೂರದಲ್ಲಿ ನೋಡಬೇಕು; ದುಂಬಿಯಾದರೆ ಗಂಡಿನ ಜನನಾಂಗದ ಆಕಾರವನ್ನು ನೋಡಬೇಕು; ಇಲ್ಲವೇ ಡಿಎನ್‌ಎ ಓದಬೇಕು. ಇಷ್ಟೆಲ್ಲ ತಾಪತ್ರಯ ಏಕೆ, ಎಲ್ಲವೂ ಬೇರು ತಿನ್ನುವವೇ ಅಲ್ಲವೇ ಎಂದು ಕೇಳಬಹುದು. ಕೋನಿಯೋಫೋರ ಒಂದು ವರ್ಷದಲ್ಲಿ ತನ್ನ ಜೀವನಚಕ್ರ ಮುಗಿಸುತ್ತದೆ. ಬರ್ಮೈಸ್ಟರಿಗೆ ಎರಡು ವರ್ಷ ಬೇಕು. ಮೊದಲನೆಯದರ ಮರಿಗಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವಾಗಿರುವುದರಿಂದ, ಅವು ಇನ್ನೂ ಎಳೆಯವಾಗಿ ಮೇಲುಮಣ್ಣಿನಲ್ಲಿರುವಾಗ ಉಪಚಾರ ಮಾಡಿದರೆ ಆ ವರ್ಷದ ಪೀಳಿಗೆ ಕೈಗೆ ಸಿಕ್ಕುತ್ತದೆ. ಎರಡನೆಯದರಲ್ಲಿ ಯಾವ ತಿಂಗಳು ಅಗೆದರೂ ಈ ವರ್ಷದ ಎಳೆಯ ಮರಿಗಳ ಜೊತೆಗೆ ಕಳೆದ ವರ್ಷದ ಬಲಿತ ಮರಿಗಳಿರುವ ಸಂಭವವಿದೆ. ಒಂದೇ ವರ್ಷದ ಉಪಚಾರಕ್ಕೆ ಅವು ಬಗ್ಗುವುದಿಲ್ಲ. ಪಕ್ಕದ ತಾಲೂಕಿನ ನೆಂಟರ ತೋಟದಲ್ಲಿ ಫಲಿಸಿದ ಕ್ರಮ ನಮ್ಮಲ್ಲಿ ಫಲಿಸದಿದ್ದಾಗ ರೈತ ಮಾಡುವುದೇನು? ಔಷಧಿಯ ಪ್ರಮಾಣವನ್ನು ಹೆಚ್ಚಿಸುತ್ತಾನೆ.

ಎಷ್ಟೋ ವರ್ಷ ನಾವು ಹಾಗೆಯೇ ಹೆಚ್ಚಿಸುತ್ತ ಬಂದೆವು. ಫೋರೇಟ್ ಎಂಬ ಘೋರ ವಿಷದ ಹರಳುಗಳನ್ನು ಬರಿಗೈಯಲ್ಲಿ ಬುಡಕ್ಕೆ ಎರಚಿ, ಮಳೆಗೆ ಅದು ತೊಳೆದು ತೋಟದ ಕಾದಿಗೆಗಳಿಗೆ, ಹಳ್ಳಕ್ಕೆ ಇಳಿಯುವುದನ್ನು ನೋಡಿದೆವು. 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದರ ಬಳಕೆ ದೇಶದಲ್ಲಿ ನಿಷಿದ್ಧವಾಗಿದೆ. ಸ್ವಾಗತಾರ್ಹವೇ. ಆದರೆ ಒಂದು ವಿಷ ಹೋದ ಜಾಗಕ್ಕೆ ಇನ್ನೊಂದು ಬಂದು ಕುಳಿತರೆ ನೆಲಕ್ಕೇನು ಸಮಾಧಾನ? ಮಣ್ಣಿನಲ್ಲಿ ಅಡಿಕೆಯ ಬೇರು ತಿನ್ನುವ ಮರಿಗಳೊಂದಿಗೆ ಅವುಗಳದೇ ಕುಟುಂಬದ, ತೋಟಕ್ಕೆ ಉಪಕಾರಿಗಳಾದ ಸಗಣಿ ದುಂಬಿಗಳ ಮರಿಗಳೂ ಇರುತ್ತವೆ. ಅಹ್ರೆನ್ಸ್ ಮತ್ತು ಸಂಗಡಿಗರು 2014ರಲ್ಲಿ ಬರೆದ ಈ ಬಳಗದ ವಂಶವೃಕ್ಷದ ಪ್ರಕಾರ, ಗಿಡ ತಿನ್ನುವ ಶಾಖೆಗಳು ಹೂಬಿಡುವ ಸಸ್ಯಗಳ ಏಳಿಗೆಯ ಹಿಂದೆ, ಸಗಣಿ ತಿನ್ನುವವು ಸಸ್ತನಿಗಳ ಏಳಿಗೆಯ ಹಿಂದೆ ಬೆಳೆದುಬಂದವು. ಕೋಟ್ಯಂತರ ವರ್ಷಗಳ ಹಿಂದೆ ಪಾಲಾದ ಈ ದಾಯಾದಿಗಳ ವ್ಯತ್ಯಾಸ ಗುಡ್ಡೆ ಮಣ್ಣಿಗೆ ಸುರಿದ ವಿಷಕ್ಕೆ ತಿಳಿಯುವುದಿಲ್ಲ. ಹುಳುಗಳಿ ರೋಗ ತರುವ ಜಂತುಗಳು, ಆಯಾ ಪ್ರಭೇದದ ಗಂಡನ್ನು ಮಾತ್ರ ಸೆಳೆಯುವ ಹೆಣ್ಣಿನ ವಾಸನೆ ಮುಂತಾದ ಸೌಮ್ಯ ಮಾರ್ಗಗಳೆಲ್ಲ ಹುಳುವಿನ ನಿಖರ ಗುರುತನ್ನೇ ಬೇಡುತ್ತವೆ. ವಿಷಕ್ಕೆ ವಿದ್ಯೆ ಬೇಕಿಲ್ಲ. ಅದರ ಬದಲಿಗಳಿಗೆ ಬೇಕು.

ಈ ವಿದ್ಯೆಯನ್ನು ಕಲಿಸುವವರು ವಿರಳವಾಗುತ್ತಿರುವುದು ಕಳವಳದ ಸಂಗತಿ. ಕೃಷಿ ಪದವಿಯ ವಿದ್ಯಾರ್ಥಿ ಪರೀಕ್ಷೆಗಾಗಿ ಒಂದು ಪೆಟ್ಟಿಗೆ ಕೀಟ ಹಿಡಿಯುತ್ತಾನೆ, ಅಂಕ ಬಂದ ಮೇಲೆ ಪೆಟ್ಟಿಗೆಯನ್ನು ಇರುವೆಗಳಿಗೆ ಬಿಟ್ಟುಕೊಡುತ್ತಾನೆ. ವಂಶವಾಹಿ ಓದುವ ಯಂತ್ರಕ್ಕೆ ಅನುದಾನ ಸಿಗುತ್ತದೆ. ಓದಿದ ಅಕ್ಷರ ಯಾವ ಹುಳುವಿನದೆಂದು ನೋಡಿ ಹೇಳಬಲ್ಲವನಿಗೆ ಕೆಲಸ ಸಿಗುವುದಿಲ್ಲ. ಹೆಸರು ತಪ್ಪಾಗಿರುವ ಹುಳುವಿನ ಡಿಎನ್‌ಎ ಓದಿ ಜಾಗತಿಕ ಕೋಶಕ್ಕೆ ಸೇರಿಸಿದರೆ, ಆ ತಪ್ಪೂ ಲಿಪಿಕಾರನ ತಪ್ಪಿನಂತೆ ಪ್ರತಿಯಿಂದ ಪ್ರತಿಗೆ ಹರಡುತ್ತದೆ. 2002ರ ಜೀವವೈವಿಧ್ಯ ಕಾಯಿದೆಯನ್ವಯ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ತಯಾರಾದ ಜನತಾ ಜೀವವೈವಿಧ್ಯ ದಾಖಲಾತಿಗಳನ್ನು ತೆರೆದು ನೋಡಿ. ಮರ, ಬಳ್ಳಿ, ಹಕ್ಕಿಗಳ ಪಟ್ಟಿ ಸಾಕಷ್ಟಿದೆ. ನಾವು ಕಂಡ ಪುಸ್ತಕಗಳಲ್ಲಿ ಕೀಟಗಳ ಪುಟದಲ್ಲಿ ಜೇನು, ಚಿಟ್ಟೆ ಬಿಟ್ಟರೆ ಹೆಚ್ಚೇನೂ ಇಲ್ಲ.

ಈ ಪುಟವನ್ನು ತುಂಬಲು ಯಾವ ಇಲಾಖೆಯ ಆದೇಶಕ್ಕೂ ಕಾಯಬೇಕಿಲ್ಲ. ಮುಂಗಾರಿನ ಮೊದಲ ಮಳೆಗಳ ಮುಸ್ಸಂಜೆಯಲ್ಲಿ ಬೇರುಹುಳುವಿನ ದುಂಬಿಗಳು ನೆಲದಿಂದೇಳುತ್ತವೆ. ಆ ವಾರಗಳಲ್ಲಿ ಪ್ರತಿ ಊರಿನ ಒಂದೆರಡು ತೋಟಗಳಿಂದ ಹತ್ತಿಪ್ಪತ್ತು ದುಂಬಿಗಳನ್ನೂ, ಬೇಸಾಯಕ್ಕೆ ಅಗೆಯುವಾಗ ಸಿಕ್ಕಿದ ಮರಿಗಳನ್ನೂ ಸಂಗ್ರಹಿಸುವ ಕೆಲಸವನ್ನು ನಮ್ಮ ಪ್ರೌಢಶಾಲೆ, ಕಾಲೇಜುಗಳ ಮಕ್ಕಳು ಕೈಗೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. ಸ್ವಂತ ತೋಟದಲ್ಲಿ ಮಾತ್ರ. ಅಭಯಾರಣ್ಯದೊಳಗೆ ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗುರುತಿಗಾಗಿ ಕೃಷಿ ವಿಶ್ವವಿದ್ಯಾಲಯಗಳ ಕೀಟಶಾಸ್ತ್ರ ವಿಭಾಗವನ್ನೋ, ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯನ್ನೋ ಸಂಪರ್ಕಿಸಬಹುದು. ಅರ್ಧದಷ್ಟು ದುಂಬಿಗಳನ್ನು ನೆರಳಿನಲ್ಲಿ ಒಣಗಿಸಿ, ಹತ್ತಿಯ ಮೇಲಿಟ್ಟು, ಇರುವೆ ಮುತ್ತದಂತೆ ನುಸಿಗುಳಿಗೆ ಹಾಕಿದ ಪೆಟ್ಟಿಗೆಯಲ್ಲಿರಿಸಬೇಕು. ದೇಹಲಕ್ಷಣ ನೋಡಲು ಇವು ಬೇಕು. ಉಳಿದರ್ಧವನ್ನೂ ಮರಿಗಳನ್ನೂ ಪ್ರಯೋಗಾಲಯದಲ್ಲಿ ಸಿಗುವ, ನೂರಕ್ಕೆ 95 ಪಾಲು ಶುದ್ಧವಾದ ಆಲ್ಕೊಹಾಲಿನಲ್ಲಿ ಮುಳುಗಿಸಿಡಬೇಕು. ಫಾರ್ಮಲಿನ್ ಬೇಡವೇ ಬೇಡ, ಅದು ಡಿಎನ್‌ಎಯನ್ನು ಕೆಡಿಸುತ್ತದೆ. ಪ್ರತಿ ಸೀಸೆಗೂ ಊರು, ತಾಲೂಕು, ತಾರೀಖು, ವೇಳೆ, ಯಾವ ಬೆಳೆಯ ಬುಡ, ಎಷ್ಟು ಆಳದಲ್ಲಿ ಸಿಕ್ಕಿತು, ಹಿಡಿದವರ ಹೆಸರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸೀಸೆಯೊಳಗೇ ಹಾಕಬೇಕು. ಚೀಟಿಯನ್ನು ಪೆನ್ಸಿಲಿನಿಂದಲೇ ಬರೆಯಿರಿ. ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗಿಹೋಗುತ್ತದೆ.